ಮಾಡಬೇಕಾದ್ದೆಲ್ಲ ಮಾಡಿದೆವೇ?

ಅನ್ನನಾಳದ ಕ್ಯಾನ್ಸರ್ ಯಕೃತ್ತಿಗೂ ಹಬ್ಬಿದೆ, ಆಪರೇಷನ್ ಮಾಡುವ ಹಂತ ದಾಟಿಹೋಗಿದೆ ಎಂದು ವೈದ್ಯರು ಹೇಳಿದ ದಿನವೇ ಮನೆಯಲ್ಲಿ ಯಾರಾದರೊಬ್ಬರು ಹುಡುಕಾಟ ಶುರುಮಾಡುತ್ತಾರೆ. ಸಾಮಾನ್ಯವಾಗಿ ಓದಿಕೊಂಡ ಮಗ, ಇಲ್ಲವೇ ದೂರದ ಊರಿನಲ್ಲಿರುವ ಮಗಳು. ಬಯಾಪ್ಸಿ ರಿಪೋರ್ಟಿನ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ. ಪರಿಚಯದ ಡಾಕ್ಟರು, ಅವರ ಸಹಪಾಠಿ, ಅಮೆರಿಕದಲ್ಲಿರುವ ಭಾವನ ಗೆಳೆಯ, ಹೀಗೆ ಎಲ್ಲರ ಬಾಗಿಲೂ ತಟ್ಟಿ ಆಗುತ್ತದೆ. 'ಟಾರ್ಗೆಟೆಡ್ ಥೆರಪಿ ಅಂತ ಬಂದಿದೆಯಂತೆ. ಕೀಮೋ ಥರ ಮೈಯೆಲ್ಲ ಸುಡೋದಿಲ್ಲವಂತೆ, ಗಡ್ಡೆಗೆ ಮಾತ್ರ ಹೊಡೆಯುತ್ತಂತೆ.'

ಹೀಗೆ ಹುಡುಕುವವರನ್ನು ಭ್ರಮೆಯಲ್ಲಿದ್ದಾರೆ ಎಂದು ತಳ್ಳಿಹಾಕುವುದು ಸುಲಭ. ಅದು ಅನ್ಯಾಯವೂ ಹೌದು. ಕಣ್ಣೆದುರಿಗೆ ಅಪ್ಪ ಒಂದು ಗುಟುಕು ನೀರಿಗೆ ಒದ್ದಾಡುತ್ತಿರುವಾಗ ಕೈಕಟ್ಟಿ ಕೂತುಕೊಳ್ಳಿ ಎಂದು ಯಾರಿಗೆ ಹೇಳಲಾದೀತು? ಆದರೂ ಒಂದು ಪ್ರಶ್ನೆಯನ್ನು ಕೇಳಲೇಬೇಕು ಎನಿಸುತ್ತದೆ. ಈ ಹುಡುಕಾಟ ಯಾರ ಪರವಾಗಿ ನಡೆಯುತ್ತಿದೆ? ಕಾಯಿಲೆಯವರಿಗಾಗಿಯೋ, ಅಥವಾ ಅವರು ಹೋದಮೇಲೆ ಉಳಿಯಬೇಕಾದ ನಮಗಾಗಿಯೋ?

ಔಷಧದ ವಿಚಾರವನ್ನೇ ಮೊದಲು ನೋಡೋಣ. ಕ್ಯಾನ್ಸರ್ ಕೋಶ ಬೆಳೆಯಲು ಯಾವುದೋ ಒಂದು ಪ್ರೋಟೀನನ್ನು ನೆಚ್ಚಿಕೊಂಡಿದ್ದರೆ ಅದನ್ನೇ ತಡೆದು ನಿಲ್ಲಿಸುವುದು ಟಾರ್ಗೆಟೆಡ್ ಔಷಧದ ಕೆಲಸ. ಸ್ತನ ಕ್ಯಾನ್ಸರಿಗೆ 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ರಾಸ್ಟುಜುಮ್ಯಾಬ್ ಇದಕ್ಕೆ ಹೆಸರಾದ ಉದಾಹರಣೆ. ಜಠರ ಮತ್ತು ಅನ್ನನಾಳ ಸೇರುವ ಜಾಗದ ಕ್ಯಾನ್ಸರಿನಲ್ಲೂ ಅದು ಉಪಯೋಗಕ್ಕೆ ಬರುತ್ತದೆಂದು 2010ರಲ್ಲಿ ಪ್ರಕಟವಾದ 'ಟೋಗಾ' ಅಧ್ಯಯನ ತೋರಿಸಿತು. ಕೀಮೋ ಮಾತ್ರ ಪಡೆದವರ ಮಧ್ಯಮ ಆಯಸ್ಸು, ಅಂದರೆ ಅವರಲ್ಲಿ ಅರ್ಧದಷ್ಟು ಜನ ದಾಟಿದ ಅವಧಿ, 11.1 ತಿಂಗಳಿದ್ದರೆ, ಜೊತೆಗೆ ಈ ಔಷಧವನ್ನೂ ಪಡೆದವರದು 13.8 ತಿಂಗಳು. ಆದರೆ ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದು ಗಡ್ಡೆಯಲ್ಲಿ ಹರ್-2 ಎಂಬ ಪ್ರೋಟೀನು ಹೆಚ್ಚಾಗಿರುವವರನ್ನು ಮಾತ್ರ. ಅದೂ ಅಡಿನೋಕಾರ್ಸಿನೋಮ ಎಂಬ ಬಗೆಯ ಕ್ಯಾನ್ಸರಿನವರನ್ನು. ಪಶ್ಚಿಮದ ದೇಶಗಳಲ್ಲಿ ಅನ್ನನಾಳಕ್ಕೆ ಹೆಚ್ಚಾಗಿ ಬರುವುದು ಆ ಬಗೆ. ನಮ್ಮಲ್ಲಿ ಹೆಚ್ಚಿನದು ಸ್ಕ್ವೇಮಸ್ ಬಗೆ. ತಂಬಾಕು, ಅಡಿಕೆ, ಹೆಂಡದ ಜೊತೆ ನಂಟಿರುವಂಥದು. ಅದರಲ್ಲಿ ಹರ್-2 ಕಾಣಿಸುವುದು ಅಪರೂಪ. ರಿಪೋರ್ಟಿನಲ್ಲಿ ಕ್ಯಾನ್ಸರಿನ ಬಗೆ ಹೇಳುವ ಆ ಒಂದು ಪದವನ್ನು ಓದದೆ ಔಷಧದ ಹೆಸರನ್ನು ಮಾತ್ರ ಹಿಡಿದು ಓಡಾಡಿದರೆ, ಬೇರೆಯವರ ಕಾಯಿಲೆಗೆ ನಮ್ಮ ಮನೆಯಲ್ಲಿ ಮದ್ದು ಹುಡುಕಿದಂತೆ.

'ಕೊಟ್ಟು ನೋಡೋಣ, ಕಳೆದುಕೊಳ್ಳೋದೇನಿದೆ?' ಎಂಬ ಮಾತು ಆಸ್ಪತ್ರೆಯ ಕಾರಿಡಾರುಗಳಲ್ಲಿ ದಿನವೂ ಕೇಳಿಸುತ್ತದೆ. ಕಳೆದುಕೊಳ್ಳುವುದು ಇದೆ. ಪ್ಯಾನಿಟುಮುಮ್ಯಾಬ್ ಎಂಬ ಔಷಧವನ್ನು ಕೀಮೋ ಜೊತೆ ಸೇರಿಸಿ ಬ್ರಿಟನ್ನಿನಲ್ಲಿ ನಡೆಸಿದ 'ರಿಯಲ್-3' ಅಧ್ಯಯನದಲ್ಲಿ, ಔಷಧ ಪಡೆದವರ ಮಧ್ಯಮ ಆಯಸ್ಸು 8.8 ತಿಂಗಳು. ಪಡೆಯದವರದು 11.3. ಹೊಸ ಔಷಧ ಸೇರಿಸುವ ಸಲುವಾಗಿ ಕೀಮೋ ಪ್ರಮಾಣವನ್ನು ಇಳಿಸಿದ್ದೂ ಒಂದು ಕಾರಣವಿರಬಹುದು. ಏನೇ ಇರಲಿ, ಅವರ ಪಾಲಿನ ದಿನಗಳು ಕಡಿಮೆಯಾದವು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಹೆಸರು ಮಾಡಿದ ಜೆಫಿಟಿನಿಬ್ ಮಾತ್ರೆಯನ್ನು ಬ್ರಿಟನ್ನಿನಲ್ಲಿಯೇ, ಕೀಮೋ ಸೋತ ಅನ್ನನಾಳದ ಕ್ಯಾನ್ಸರಿನವರಿಗೆ ಕೊಟ್ಟು ನೋಡಿದರು. 2014ರಲ್ಲಿ ಬಂದ ಫಲಿತಾಂಶದಲ್ಲಿ ಮಾತ್ರೆ ನುಂಗಿದವರಿಗೂ ಹುಸಿಮಾತ್ರೆ ನುಂಗಿದವರಿಗೂ ಆಯಸ್ಸಿನಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಎರಡೂ ಕಡೆ ನಾಲ್ಕು ತಿಂಗಳಿಗಿಂತ ಕಡಿಮೆ. ಆಮೇಲೆ ಅದೇ ರೋಗಿಗಳ ಗಡ್ಡೆಯ ತುಣುಕುಗಳನ್ನು ಮತ್ತೆ ಪರೀಕ್ಷಿಸಿದಾಗ, ಇಜಿಎಫ್‌ಆರ್ ಎಂಬ ಜೀನಿನ ಪ್ರತಿಗಳು ಹೆಚ್ಚಾಗಿದ್ದ ಒಂದು ಸಣ್ಣ ಗುಂಪಿಗೆ ಮಾತ್ರೆ ನೆರವಾಗಿರುವ ಸೂಚನೆ ಕಂಡಿತು. ಒಟ್ಟು ಲೆಕ್ಕದಲ್ಲಿ ಆ ಕೆಲವರು ಕಾಣದೆ ಹೋಗಿದ್ದರು.

ಆ ಕೆಲವರು ಇದ್ದರು ಎನ್ನುವುದೇ ಹುಡುಕುವವರ ಪರವಾದ ಬಲವಾದ ವಾದ. ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ ಅವರಿಗೆ 1982ರಲ್ಲಿ ಹೊಟ್ಟೆಯೊಳಗಿನ ಪೊರೆಯ ಕ್ಯಾನ್ಸರ್ ಬಂತು. ಆ ಕಾಯಿಲೆಯ ಮಧ್ಯಮ ಆಯಸ್ಸು ಎಂಟು ತಿಂಗಳು ಎಂದು ಪುಸ್ತಕಗಳಲ್ಲಿ ಬರೆದಿತ್ತು. ಅವರು ಇಪ್ಪತ್ತು ವರ್ಷ ಬದುಕಿ, 2002ರಲ್ಲಿ ಬೇರೊಂದು ಕ್ಯಾನ್ಸರಿನಿಂದ ತೀರಿಕೊಂಡರು. ಮಧ್ಯಮ ಸಂಖ್ಯೆ ಯಾವೊಬ್ಬ ಮನುಷ್ಯನ ಹಣೆಬರಹವೂ ಅಲ್ಲ ಎಂದು ಅವರು ವಾದಿಸಿದ್ದರು. ಆ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಧ್ಯಮವನ್ನು ದಾಟಿ ಬಹುಕಾಲ ಬದುಕುವ ಕೆಲವರು ಲೆಕ್ಕದ ನಕ್ಷೆಯಲ್ಲಿ ಉದ್ದನೆಯ ಬಾಲದಂತೆ ಕಾಣುತ್ತಾರೆ. ನಮ್ಮಪ್ಪ ಆ ಬಾಲದಲ್ಲಿರಬಹುದಲ್ಲ ಎಂದು ಮಗಳು ಕೇಳಿದರೆ ಅದು ತರ್ಕಬದ್ಧವಾದ ಪ್ರಶ್ನೆ.

ಆದರೆ ಅದೇ ತರ್ಕ ಇನ್ನೊಂದು ಹೆಜ್ಜೆಯನ್ನೂ ಇಡಿಸುತ್ತದೆ. ಈ ಔಷಧಗಳ ವಿಷಯದಲ್ಲಿ ಆ ಬಾಲದಲ್ಲಿ ಯಾರಿರಬಹುದು ಎಂಬುದಕ್ಕೆ ಒಂದಿಷ್ಟಾದರೂ ಸುಳಿವು ಸಿಗುತ್ತದೆ, ಗಡ್ಡೆಯ ತುಣುಕನ್ನು ಪರೀಕ್ಷೆಗೆ ಕಳಿಸಿದರೆ. ಹರ್-2, ಪಿಡಿ-ಎಲ್1 ಮುಂತಾದ ಪ್ರೋಟೀನುಗಳ ಪರೀಕ್ಷೆಗೆ ಆಗುವ ಖರ್ಚು ಔಷಧದ ಖರ್ಚಿನ ಮುಂದೆ ಚಿಕ್ಕದು. ಹೀಗಿದ್ದೂ ಪರೀಕ್ಷೆ ಮಾಡಿಸದೆ ಔಷಧ ಕೇಳುವ ಕುಟುಂಬಗಳಿವೆ. ಯಾಕೆ? ಪರೀಕ್ಷೆ 'ಇಲ್ಲ' ಎಂದುಬಿಡಬಹುದು ಎಂಬ ಭಯ ಎಂದು ನನಗನಿಸುತ್ತದೆ. ಇಲ್ಲ ಎಂಬ ಉತ್ತರ ಬಂದರೆ ಹುಡುಕಾಟ ನಿಲ್ಲಬೇಕು. ಹುಡುಕಾಟ ನಿಂತರೆ ದುಃಖ ಎದುರಿಗೆ ಬಂದು ಕೂರುತ್ತದೆ. 'ಇಲ್ಲ' ಎಂಬುದನ್ನು ಕೇಳಲು ತಯಾರಿಲ್ಲದ ಆಸೆಗೆ ರೋಗಿಯ ದೇಹವನ್ನು ಒಡ್ಡುವ ಹಕ್ಕು ಮಕ್ಕಳಿಗೂ ಇಲ್ಲ.

ಈ ಭಯದ ಹಿಂದೆ ಇನ್ನೊಂದಿದೆ. ಸಾವಿನ ಮನೆಗೆ ಬಂದವರ ಎದುರು ನಾವು ಹೇಳುವ ಮಾತು ಯಾವುದು? 'ಮಾಡಬೇಕಾದ್ದೆಲ್ಲ ಮಾಡಿದೆವು, ಏನೂ ಕಡಿಮೆ ಮಾಡಲಿಲ್ಲ.' ನಾಳೆ ಆ ಮಾತನ್ನು ಎದೆ ಮುಟ್ಟಿಕೊಂಡು ಹೇಳಲಾಗಬೇಕು ಎಂಬುದು ಇವತ್ತಿನ ಎಷ್ಟೋ ತೀರ್ಮಾನಗಳ ಹಿಂದಿರುತ್ತದೆ. ತೋಟ ಅಡವಿಟ್ಟದ್ದು, ಅಮ್ಮನ ಬಳೆ ಮಾರಿದ್ದು, ಎರಡನೆಯ ಆಸ್ಪತ್ರೆ, ಮೂರನೆಯ ಆಸ್ಪತ್ರೆ ಎಲ್ಲವೂ ಆ ಮಾತಿಗೆ ಸಾಕ್ಷಿ. ತಂದೆತಾಯಿಯ ಋಣ ದೊಡ್ಡದು ಎಂದು ನಂಬಿ ಬೆಳೆದವರಿಗೆ ಇದು ಸಹಜ. ಆದರೆ ಋಣ ತೀರಿಸುವ ಹಟದಲ್ಲಿ, ಯಾರ ಋಣವೋ ಅವರನ್ನೇ ಕೇಳುವುದು ಮರೆತುಹೋಗುತ್ತದೆ.

ನಾನು ಬಲ್ಲ ಒಂದು ಮನೆಯಲ್ಲಿ ಹೀಗೇ ಆಯಿತು. ಅಪ್ಪನಿಗೆ ಕಾಯಿಲೆಯ ಹೆಸರನ್ನೇ ಹೇಳಿರಲಿಲ್ಲ. 'ಗಂಟಲಲ್ಲಿ ಹುಣ್ಣು, ವಾಸಿಯಾಗುತ್ತೆ' ಎಂದಿದ್ದರು. ಡಾಕ್ಟರ ಕೊಠಡಿಗೆ ಮಗ ಮೊದಲು ಒಬ್ಬನೇ ಹೋಗಿ, 'ಅಪ್ಪನ ಮುಂದೆ ಏನೂ ಹೇಳಬೇಡಿ' ಎಂದು ಕೈಮುಗಿದು ಬರುತ್ತಿದ್ದ. ಮನೆಯಲ್ಲಿ ಸೊಸೆ ರಾಗಿ ಅಂಬಲಿಯನ್ನು ಬಿಳಿ ಬಟ್ಟೆಯಲ್ಲಿ ಸೋಸಿ, ಮತ್ತೊಮ್ಮೆ ಸೋಸಿ, ಉಗುರುಬೆಚ್ಚಗೆ ಮಾಡಿ ತರುತ್ತಿದ್ದಳು. ಅವರು ಗೋಡೆಗೆ ಒರಗಿ, ಕತ್ತು ಸ್ವಲ್ಪ ಮುಂದೆ ಮಾಡಿ ಅರ್ಧ ಚಮಚ ನುಂಗುತ್ತಿದ್ದರು. ಇಳಿಯಿತೋ ಇಲ್ಲವೋ ಎಂದು ಕಾಯುತ್ತಿದ್ದರು. ಬಹಳ ಸಲ ಅದು ನೊರೆಯಾಗಿ ವಾಪಸು ಬರುತ್ತಿತ್ತು. ಉಗುಳು ಸಹ ಇಳಿಯದೆ ಪಕ್ಕದಲ್ಲೊಂದು ಸ್ಟೀಲಿನ ಬಟ್ಟಲು ಇಟ್ಟುಕೊಂಡಿರುತ್ತಿದ್ದರು. ಮಗ ಪಕ್ಕದ ಕೋಣೆಯಲ್ಲಿ ಯಾವ ದೇಶದಲ್ಲಿ ಯಾವ ಔಷಧ ಸಿಗುತ್ತದೆಂದು ವಿಚಾರಿಸುತ್ತಿದ್ದ. ಅವರು ಕೇಳುತ್ತಿದ್ದುದು ಒಂದೇ: 'ಸ್ವಲ್ಪ ಅನ್ನ ಸಾರು ತಿನ್ನೋ ಹಾಗೆ ಮಾಡ್ತಾರಾ ಕೇಳು.'

ಅಪ್ಪನ ಈ ಪ್ರಶ್ನೆಗೆ ವೈದ್ಯಕೀಯದಲ್ಲಿ ಉತ್ತರವಿದೆ, ಅದಕ್ಕೆ ವಿದೇಶದಿಂದ ಏನೂ ತರಿಸಬೇಕಾಗಿಲ್ಲ. ಕಟ್ಟಿಹೋದ ಜಾಗದಲ್ಲಿ ಸ್ಟೆಂಟ್ ಎಂಬ ಲೋಹದ ಕೊಳವೆ ಇಟ್ಟರೆ ಅನೇಕರಿಗೆ ಒಂದೆರಡು ದಿನದಲ್ಲೇ ಮೆತ್ತಗಿನ ಊಟ ಇಳಿಯುತ್ತದೆ. ಅನ್ನನಾಳದ ಒಳಗಿನಿಂದಲೇ ವಿಕಿರಣ ಕೊಡುವ ಬ್ರೇಕಿಥೆರಪಿಯ ಪರಿಣಾಮ ನಿಧಾನವಾಗಿ ಬರುತ್ತದೆ, ಆದರೆ ಹೆಚ್ಚು ಕಾಲ ಉಳಿಯುತ್ತದೆ. ನೋವಿಗೆ ಮಾರ್ಫಿನ್ ಇದೆ. ಅದನ್ನು ಹಿಡಿದಿಟ್ಟಿದ್ದ ಕಠಿಣ ಕಾನೂನನ್ನು ಸಂಸತ್ತು 2014ರಲ್ಲಿ ಸಡಿಲಿಸಿತು. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು 1999ರಿಂದ ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಿದ್ದಾರೆ. ಇವುಗಳ ಹೆಸರೆತ್ತಿದರೆ ಮನೆಯವರ ಮುಖ ಬಾಡುತ್ತದೆ, 'ಅಂದರೆ ಕೈಬಿಟ್ಟರಾ?' ಎನ್ನುತ್ತಾರೆ. ಅಪ್ಪನಿಗೆ ಅನ್ನ ಇಳಿಸುವುದು ಹೇಗೆ ಕೈಬಿಟ್ಟಂತಾಗುತ್ತದೆ? ಶ್ವಾಸಕೋಶದ ಕ್ಯಾನ್ಸರ್ ಹರಡಿದ್ದವರಿಗೆ ಮೊದಲಿನಿಂದಲೇ ಉಪಶಮನ ಚಿಕಿತ್ಸೆಯನ್ನೂ ಜೊತೆಗೆ ಕೊಟ್ಟ ಬಾಸ್ಟನ್ನಿನ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಅವರು ಕೊನೆಗಾಲದಲ್ಲಿ ತೀವ್ರ ಚಿಕಿತ್ಸೆ ಪಡೆದದ್ದು ಕಡಿಮೆ, ಬದುಕಿದ್ದು ಹೆಚ್ಚು: 11.6 ತಿಂಗಳು, ಉಳಿದವರು 8.9. ಕಾಯಿಲೆ ಬೇರೆಯದು, ಹಾಗಾಗಿ ಆ ಸಂಖ್ಯೆಯನ್ನು ಇಲ್ಲಿಗೆ ಎತ್ತಿಡಲಾಗದು. ಆದರೆ ಆರೈಕೆ ಎಂದರೆ ಸೋಲು ಎಂಬ ನಂಬಿಕೆಯನ್ನು ಅದು ಅಲ್ಲಾಡಿಸುತ್ತದೆ.

ಹಣದ ಮಾತನ್ನೂ ಬಿಡಲಾಗದು. ಬೆಂಗಳೂರಿನ ಬಯೋಕಾನ್ 2014ರಲ್ಲಿ ಟ್ರಾಸ್ಟುಜುಮ್ಯಾಬಿನ ತದ್ರೂಪವನ್ನು ಮಾರುಕಟ್ಟೆಗೆ ತಂದ ಮೇಲೆ ಅದು ಎಷ್ಟೋ ಜನರ ಕೈಗೆಟುಕಿತು. ಮುಂಬೈಯ ಟಾಟಾ ಮೆಮೋರಿಯಲ್ ವೈದ್ಯರು ನಿವೊಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧವನ್ನು ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನಲ್ಲಿ ವಾಡಿಕೆಗಿಂತ ಬಹಳ ಕಡಿಮೆ, ಬರೀ 20 ಮಿಲಿಗ್ರಾಂ ಕೊಟ್ಟು ಒಳ್ಳೆಯ ಫಲ ಪಡೆದರು. ಇಂಥ ಸಂಶೋಧನೆಯ ಮೇಲೆ ನನಗೆ ಅಪಾರ ಗೌರವವಿದೆ. ಮಗನೊಬ್ಬ ರಾತ್ರಿಯೆಲ್ಲ ಹುಡುಕುವುದನ್ನು ಒಂದು ಸಮಾಜ ಹಗಲಿನಲ್ಲಿ, ಎಲ್ಲರಿಗಾಗಿ ಹುಡುಕಿದರೆ ಅದು ಹೀಗಿರುತ್ತದೆ. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಕೊಡಿಸುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಂಥ ಯೋಜನೆಯೂ ಗಡ್ಡೆಯ ಈ ಪರೀಕ್ಷೆಗಳನ್ನು ಔಷಧದಷ್ಟೇ ಮುಖ್ಯವೆಂದು ಕಾಣಬೇಕು.

ಹಾಗಾದರೆ ರೋಗಿಗೆ ಎಲ್ಲವನ್ನೂ ಹೇಳಿಬಿಡಬೇಕೇ? ಎದೆ ಒಡೆದುಕೊಳ್ಳುವುದಿಲ್ಲವೇ? ಒಂದೇ ಉಸಿರಿಗೆ ಹೇಳಬೇಕಿಲ್ಲ. 'ನಿಮಗೆ ಎಷ್ಟು ತಿಳಿಯಬೇಕೆನಿಸುತ್ತದೆ?' ಎಂದು ಅವರನ್ನೇ ಕೇಳಬಹುದು. ನನಗೆ ಬೇಡ, ಮಗನಿಗೆ ಹೇಳಿ ಎಂದರೆ ಅದೂ ಅವರದೇ ತೀರ್ಮಾನ. ತಮ್ಮ ಮೈಯೊಳಗೆ ನಡೆಯುತ್ತಿರುವುದು ಅವರಿಗೆ ಗೊತ್ತಾಗುವುದಿಲ್ಲ ಎಂದುಕೊಳ್ಳುವುದೇ ದೊಡ್ಡ ತಪ್ಪು. ಬಹಳ ಜನಕ್ಕೆ ಗೊತ್ತಿರುತ್ತದೆ. ಮಕ್ಕಳು ನೊಂದುಕೊಳ್ಳುತ್ತಾರೆಂದು ಅವರೂ ಬಾಯಿ ಬಿಡುವುದಿಲ್ಲ. ಒಂದೇ ಸೂರಿನಡಿ ಎರಡು ಕಡೆಯವರೂ ಒಬ್ಬರಿಗಾಗಿ ಒಬ್ಬರು ಸುಳ್ಳು ಹೇಳುತ್ತಾ ಇರುತ್ತಾರೆ.

ಕೇಳಿದಾಗ ಬರುವ ಉತ್ತರ ಯಾವಾಗಲೂ 'ಸಾಕು' ಎಂದಿರುವುದಿಲ್ಲ. ಟೋಗಾ ಅಧ್ಯಯನದ ಎರಡು ಗುಂಪುಗಳ ನಡುವಿನ ಅಂತರ ಮೂರು ತಿಂಗಳೂ ಇಲ್ಲ. ಹೊರಗಿನಿಂದ ನೋಡುವವರಿಗೆ ಅದು ಅಲ್ಪವೆನಿಸಬಹುದು. ವೈಶಾಖದಲ್ಲಿ ಮಗಳ ಮದುವೆ ಇಟ್ಟುಕೊಂಡವರಿಗೆ, ಮೊಮ್ಮಗುವಿನ ಮುಖ ನೋಡಬೇಕೆಂದಿರುವವರಿಗೆ ಅಷ್ಟು ದಿನ ಬಹಳ ದೊಡ್ಡದು. ಗಡ್ಡೆಯಲ್ಲಿ ಹರ್-2 ಇದ್ದು, ಎಲ್ಲ ತಿಳಿದ ಮೇಲೂ ಅವರು 'ಕೊಡಿಸಿ' ಎಂದರೆ ಆಗ ಕೊಡಿಸಬೇಕು, ಸಾಧ್ಯವಿದ್ದಷ್ಟು. ಇನ್ನೊಬ್ಬರು ಅದೇ ಸಂಖ್ಯೆಯನ್ನು ಕೇಳಿ, ಮೂರು ವಾರಕ್ಕೊಮ್ಮೆ ಬಸ್ಸು ಹತ್ತಿ ಆಸ್ಪತ್ರೆಗೆ ಬರುವುದು ಬೇಡ, ಊರಲ್ಲೇ ಇರುತ್ತೇನೆ ಎನ್ನಬಹುದು. ಆಗ ಮಗ ಫೋನು ಕೆಳಗಿಟ್ಟು, ಸ್ಟೆಂಟ್ ಹಾಕಿಸಲು ದಿನ ಗೊತ್ತುಮಾಡಿಕೊಂಡು, ಹತ್ತಿರದಲ್ಲಿ ಮಾರ್ಫಿನ್ ಎಲ್ಲಿ ಸಿಗುತ್ತದೆಂದು ವಿಚಾರಿಸಿಟ್ಟುಕೊಳ್ಳಬೇಕು.