ಅಮ್ಮನ ದಿಗ್ವ್ರತ, ಅಗರ್ತಲಾದ ಬೇಲಿ

ಆಕಾಶದಿಂದ ನೋಡಿದರೆ ದೇಶ ದೇಶಗಳ ನಡುವೆ ಗೆರೆಯೇ ಇಲ್ಲ ಎಂಬ ಮಾತನ್ನು ಉಪನ್ಯಾಸಗಳಲ್ಲಿ ಸಾಕಷ್ಟು ಕೇಳಿದ್ದೇನೆ. ಹಾಗೆ ಹೇಳುವವರು ಕತ್ತಲಾದ ಮೇಲೆ ಒಮ್ಮೆ ಅಗರ್ತಲಾದಲ್ಲಿ ಇಳಿಯಬೇಕು. ವಿಮಾನ ನಿಲ್ದಾಣದ ಪಶ್ಚಿಮಕ್ಕೆ ತೀರಾ ಸಮೀಪದಲ್ಲೇ ಬಾಂಗ್ಲಾದೇಶ. ಊರು ಯಾವುದು, ಗದ್ದೆ ಯಾವುದು ಎಂದು ಗೊತ್ತಾಗುವ ಮೊದಲೇ ಗಡಿಬೇಲಿಯ ದೀಪಗಳು ಸಾಲುಗಟ್ಟಿ ಕಾಣುತ್ತವೆ.

ಮಗಳಿಗೆ ಅಲ್ಲಿ ಕೆಲಸ. ಇಲ್ಲವಾದರೆ ಮೂಡಬಿದಿರೆಯ ನಿವೃತ್ತ ಮೇಷ್ಟರಿಗೆ ತ್ರಿಪುರಾದಲ್ಲಿ ಏನು ಕೆಲಸ? ಕೋಲ್ಕತ್ತಾದಿಂದ ವಿಮಾನ ಬಾಂಗ್ಲಾದೇಶದ ಮೇಲೆಯೇ ಹಾರಿ ಸುಮಾರು ಒಂದು ತಾಸಿನಲ್ಲಿ ತಲುಪಿಸುತ್ತದೆ. ಭಾರತದ ನೆಲ ಬಿಡದೆ ಹೋಗುತ್ತೇನೆ ಎಂದರೆ ಸಿಲಿಗುರಿ, ಅಸ್ಸಾಂ ಸುತ್ತಿಕೊಂಡು ಸುಮಾರು 1,600 ಕಿಲೋಮೀಟರ್. ಕಿಟಕಿಯ ಕೆಳಗೆ ನೀರು, ಗದ್ದೆ, ಮತ್ತೆ ನೀರು. ಅದನ್ನು ನೋಡುತ್ತ ನಾನು ಯೋಚಿಸುತ್ತಿದ್ದದ್ದು ಅಮ್ಮನ ದಿಗ್ವ್ರತದ ಬಗ್ಗೆ.

ಶ್ರಾವಕರಿಗೆ, ಅಂದರೆ ಜೈನ ಗೃಹಸ್ಥರಿಗೆ, ಹೇಳಿದ ಗುಣವ್ರತಗಳಲ್ಲಿ ಅದೊಂದು. ಎಂಟು ದಿಕ್ಕಿಗೂ, ಮೇಲಕ್ಕೂ ಕೆಳಕ್ಕೂ ಒಂದೊಂದು ಮಿತಿ ಹಾಕಿಕೊಂಡು, ಬದುಕಿರುವವರೆಗೆ ಅದನ್ನು ದಾಟುವುದಿಲ್ಲ ಎಂದು ಸಂಕಲ್ಪ ಮಾಡುವುದು. ಸಮುದ್ರ, ನದಿ, ಕಾಡು, ಬೆಟ್ಟ, ನಾಡು, ಇಷ್ಟು ಯೋಜನ ಎಂದು ಎಲ್ಲರಿಗೂ ತಿಳಿದ ಗುರುತುಗಳನ್ನೇ ಇಟ್ಟುಕೊಳ್ಳಬೇಕೆಂದು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಹೇಳುತ್ತದೆ. ಅಮ್ಮ ಪಡುವಣಕ್ಕೆ ಕಡಲು, ತೆಂಕಣಕ್ಕೆ ನೇತ್ರಾವತಿ, ಬಡಗಣಕ್ಕೆ ಹೊಂಬುಜ, ಮೂಡಣಕ್ಕೆ ಶ್ರವಣಬೆಳಗೊಳ ಎಂದು ಗೊತ್ತುಮಾಡಿಕೊಂಡಿದ್ದಳು. ಮೇಲಕ್ಕೆ ಅಲ್ಲೇ ಗೊಮ್ಮಟ ನಿಂತಿರುವ ವಿಂಧ್ಯಗಿರಿಯ ತುದಿ. ತತ್ತ್ವಾರ್ಥಸೂತ್ರ ಈ ವ್ರತಕ್ಕೆ ಐದು ಅತಿಚಾರಗಳನ್ನು, ಎಂದರೆ ವ್ರತ ಕೆಡಿಸುವ ದೋಷಗಳನ್ನು, ಹೇಳುವಾಗ ಮೊದಲು ಎಣಿಸುವುದು ಮೇಲ್ಮಿತಿ ಮೀರುವುದನ್ನೇ. ಹಿಂದಿನವರ ಮನಸ್ಸಿನಲ್ಲಿದ್ದದ್ದು ಮರವೋ ಬೆಟ್ಟವೋ ಇರಬೇಕು. ವಿಮಾನ ಹತ್ತಲು ಕರೆದಾಗೆಲ್ಲ ಅಮ್ಮ, "ನನ್ನ ಲೆಕ್ಕ ಗೊಮ್ಮಟನ ಪಾದಕ್ಕೆ ಮುಗಿಯಿತು ಮಗಾ" ಎನ್ನುತ್ತಿದ್ದಳು.

ಚಿಕ್ಕವನಿದ್ದಾಗ ಇದು ನನಗೆ ಮಡಿವಂತಿಕೆಯ ಹಾಗೆ ಕಾಣುತ್ತಿತ್ತು. ಆದರೆ ಅದರ ತರ್ಕ ಬೇರೆಯೇ. ಗೃಹಸ್ಥ ಹೋದಲ್ಲೆಲ್ಲ ಕೊಳ್ಳುತ್ತಾನೆ, ಮಾರುತ್ತಾನೆ, ತುಳಿಯುತ್ತಾನೆ, ಅಡುಗೆಗೆ ಬೆಂಕಿ ಹಚ್ಚುತ್ತಾನೆ. ಅವನ ಹಿಂಸೆ ಅವನ ಜೊತೆಗೇ ಪ್ರಯಾಣ ಮಾಡುತ್ತದೆ. ಮಿತಿಯಾಚೆಗೆ ಅವನ ಕಾಲೂ ಇಲ್ಲ, ಲೋಭವೂ ಇಲ್ಲ. ಆದ್ದರಿಂದ ಅಲ್ಲಿಯ ಜೀವಿಗಳ ಮಟ್ಟಿಗೆ ಗೃಹಸ್ಥನಾದ ಅವನ ಸಣ್ಣ ಅಣುವ್ರತಗಳೇ ಮುನಿಗಳ ಮಹಾವ್ರತಗಳಾಗುತ್ತವೆ, ಶ್ರಾವಕ ಮುನಿಗೆ ಸಮನಾಗುತ್ತಾನೆ ಎನ್ನುತ್ತಾರೆ ಸಮಂತಭದ್ರರು. ನೇತ್ರಾವತಿಯ ಆಚೆ ದಡದ ಇರುವೆಗೂ ಅಮ್ಮನಿಂದ ಅಭಯ! ಗೆರೆ ಎಳೆದವರನ್ನೇ ಕಟ್ಟಿಹಾಕುವ ಗೆರೆ ಅದು.

ದೇಶಗಳ ಗೆರೆ ಹಾಗಲ್ಲ; ಅದು ಕಟ್ಟುವುದು ಇನ್ನೊಬ್ಬನನ್ನು. 1944ರ ಶಿಕಾಗೋ ಒಪ್ಪಂದ ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಸಂಪೂರ್ಣ ಒಡೆತನ ಇದೆಯೆಂದು ಒಪ್ಪಿತು, ಆದರೆ ಎಷ್ಟು ಎತ್ತರದವರೆಗೆ ಎಂದು ಹೇಳಲಿಲ್ಲ. ಅಮ್ಮನಿಗಿದ್ದ ಮೇಲ್ಮಿತಿ ದೇಶಗಳಿಗಿಲ್ಲ. ಅಗರ್ತಲಾದ ಗಡಿ ದೇಶವಿಭಜನೆಯ ಗೆರೆ ಹಾಕಿದ ರಾಡ್‌ಕ್ಲಿಫ್ ಎಳೆದದ್ದೂ ಅಲ್ಲ. ತ್ರಿಪುರಾದ ಮಾಣಿಕ್ಯ ವಂಶದ ಅರಸರು ಗುಡ್ಡದ ಮೇಲೆ ರಾಜರು, ಕೆಳಗಿನ ಬಯಲಿನ ಚಕ್ಲಾ ರೋಶನಾಬಾದಿನಲ್ಲಿ ಬ್ರಿಟಿಷರ ಕೈಕೆಳಗಿನ ಜಮೀನ್ದಾರರು. 1947ರಲ್ಲಿ ಜಮೀನ್ದಾರಿ ಪಾಕಿಸ್ತಾನಕ್ಕೆ ಸೇರಿತು. 1949ರಲ್ಲಿ ರಾಜ್ಯ ಭಾರತದಲ್ಲಿ ವಿಲೀನವಾಯಿತು. ಒಬ್ಬನೇ ಮನುಷ್ಯನ ಎರಡು ಪಟ್ಟಗಳ ನಡುವಿನ ಅಂಚು ಅಂತರರಾಷ್ಟ್ರೀಯ ಗಡಿಯಾಯಿತು. ಇಂದು ತ್ರಿಪುರಾದ ಮೂರು ದಿಕ್ಕಿಗೂ ಬಾಂಗ್ಲಾದೇಶವೇ, ಸುಮಾರು 856 ಕಿಲೋಮೀಟರ್.

ಹಾಗೆಂದು ಗಡಿಯೇ ಸುಳ್ಳು, ಮಾಯೆ ಎಂದು ಕಿಟಕಿ ಸೀಟಿನಲ್ಲಿ ಕೂತು ತೀರ್ಪು ಕೊಡುವುದು ನನಗೆ ಒಪ್ಪಿಗೆಯಿಲ್ಲ. 1971ರಲ್ಲಿ ಪೂರ್ವ ಪಾಕಿಸ್ತಾನದಿಂದ ಜೀವ ಉಳಿಸಿಕೊಂಡು ಓಡಿ ಬಂದವರು ತ್ರಿಪುರಾದಲ್ಲಿ ಅಲ್ಲಿಯವರೇ ಇದ್ದಷ್ಟು ಸಂಖ್ಯೆಯಲ್ಲಿ ತುಂಬಿಕೊಂಡಿದ್ದರು. ಬೆನ್ನಟ್ಟಿ ಬರುವ ಸೈನ್ಯಕ್ಕೆ ಎಲ್ಲೋ ಒಂದು ಕಡೆ ಗೆರೆ ಇತ್ತೆಂದೇ ಅವರು ಉಳಿದದ್ದು. ಗೆರೆಯೇ ಇಲ್ಲದ ನೆಲದಲ್ಲಿ ಅವರು ಎಲ್ಲಿಗೆ ಓಡಬೇಕಿತ್ತು? ಅಮ್ಮ ಇರುವೆಗೆ ಕೊಟ್ಟ ಅಭಯ ಅವರಿಗೆ ಸಿಕ್ಕಿದ್ದು ಆ ಗೆರೆಯಿಂದಲೇ.

ಬೇಲಿಯ ಕಥೆಯಲ್ಲಿ ಇನ್ನೊಂದು ವಿಚಿತ್ರವಿದೆ. ಗಡಿರೇಖೆಯಿಂದ 150 ಗಜದೊಳಗೆ ರಕ್ಷಣಾ ಕಟ್ಟಡ ಕಟ್ಟುವುದಿಲ್ಲವೆಂದು ಎರಡೂ ದೇಶಗಳು 1975ರಲ್ಲಿ ಒಪ್ಪಿಕೊಂಡವು. ಒಳ್ಳೆಯ ಮಾತು, ದೇಶಗಳು ತಮಗೆ ತಾವೇ ಹಾಕಿಕೊಂಡ ದಿಗ್ವ್ರತ ಎನ್ನಲೂಬಹುದು. ಆದರೆ ಅದರಿಂದಾಗಿ ಬೇಲಿ ಒಳಕ್ಕೆ ಸರಿದು, ಭಾರತದವೇ ಆದ ಗದ್ದೆಗಳು, ಕೆಲವೆಡೆ ಮನೆಗಳೂ, ಆಚೆಗೆ ಉಳಿದವು. ಆ ಗದ್ದೆಯ ರೈತ ಗುರುತಿನ ಚೀಟಿ ತೋರಿಸಿ, ಗೇಟು ತೆರೆಯುವ ಹೊತ್ತಿಗೆ ತನ್ನದೇ ಹೊಲಕ್ಕೆ ಹೋಗಬೇಕು, ಮುಚ್ಚುವುದರೊಳಗೆ ಮರಳಬೇಕು. ವ್ರತ ದೇಶದ್ದು, ಉಪವಾಸ ರೈತನದು. ಯಾವ ಶ್ರಾವಕಾಚಾರವೂ ಇದನ್ನು ವ್ರತ ಎಂದು ಒಪ್ಪುವುದಿಲ್ಲ.

ಬೇಲಿ ಕೀಳಿಸಿ ಎಂದು ನಾನು ಕೇಳುತ್ತಿಲ್ಲ. ಆಚೆ ಗದ್ದೆ ಇರುವವರಿಗೆ ಗೇಟಿನ ಹೊತ್ತನ್ನು ಕಾವಲಿನ ಪಾಳಿ ನೋಡಿ ಅಲ್ಲ, ಬೇಸಾಯ ನೋಡಿ ಗೊತ್ತುಮಾಡಲಿ. ನಾಟಿ ಮತ್ತು ಕೊಯ್ಲಿನ ದಿನಗಳಲ್ಲಾದರೂ ನಸುಕಿಗೇ ತೆರೆಯಲಿ.