ಬೇಡುವದಕ್ಕೆ ನಾಚಬೇಡಿರಿ
(ಓದತಕ್ಕ ಭಾಗ: ಮಾರ್ಕ 10:46-52)



ಯೆರಿಕೋ ಪಟ್ಟಣದ ದಾರಿಯ ಮಗ್ಗುಲಲ್ಲಿ ಕೂತಿದ್ದ ಕುರುಡನಾದ ಬಾರ್ತಿಮಾಯನನ್ನು ನಾವು ಬಲ್ಲೆವು. ಅವನು ಕೂಗಿದಾಗ ಜನರು ಸುಮ್ಮನಿರೆಂದು ಗದರಿಸಿದರು. ಅವನಾದರೋ ಇನ್ನೂ ಹೆಚ್ಚಾಗಿ ಕೂಗಿದನು. ಆಗ ಕರ್ತನು ನಿಂತು, ತಾನು ಏನು ಮಾಡಬೇಕೆಂದು ಅವನನ್ನೇ ಕೇಳಿದನು. ಅವನ ಕುರುಡುತನವು ಕರ್ತನಿಗೆ ತಿಳಿಯದೆ ಇತ್ತೋ? ಇಲ್ಲ. ಆದರೂ ಅವನ ಕೊರತೆಯನ್ನು ಅವನ ಬಾಯಿಂದಲೇ ಕೇಳುವದು ಆತನಿಗೆ ಇಷ್ಟವಾಗಿತ್ತು.

ಇಂದು ನಮ್ಮ ಗುಡ್ನಾಪುರದ ಸೀಮೆಯಿಂದಲೂ ಮಕ್ಕಳು ವಿದ್ಯೆಗೋಸ್ಕರ ದೂರ ಹೋಗುತ್ತಾರೆ. 1949ರಲ್ಲಿ ಸ್ಥಾಪಿತವಾದ ಕರ್ನಾಟಕ ವಿಶ್ವವಿದ್ಯಾಲಯವು ಧಾರವಾಡದಲ್ಲಿದೆ. ಅಂಥ ಸ್ಥಳದಲ್ಲಿ ಓದುವ ಒಬ್ಬ ಹುಡುಗಿಯ ತಂದೆ ತೀರಿಕೊಂಡನೆಂದು ನೆನಸಿರಿ. ತಾಯಿ ಹಾಸಿಗೆ ಹಿಡಿದಿದ್ದಾಳೆ. ಶುಲ್ಕದ ದಿನ ಸಮೀಪಿಸಿದೆ. ಅವಳು ಯಾರಿಗೂ ಹೇಳದೆ ಅತ್ತು, ಒಂದು ದಿನ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಬರುತ್ತಾಳೆ. ಅವಳ ಬಾಯಿ ಕಟ್ಟಿದವರು ಯಾರು? ಮನೆಯ ಮಾತು ಹೊರಗೆ ಹೋಗಬಾರದು, ಪರರ ಮುಂದೆ ಕೈ ಚಾಚಬಾರದು ಎಂದು ಕಲಿಸಿದ ನಾವೇ ಅಲ್ಲವೇ? ಗದರಿಸಿದ ಆ ಗುಂಪು ನಾವೇ.

ಪ್ರಿಯರೇ, ನ್ಯಾಯವಾದ ಸಹಾಯವನ್ನು ಕೇಳುವದು ಭಿಕ್ಷೆಯಲ್ಲ, ಅಪನಂಬಿಕೆಯೂ ಅಲ್ಲ. ಕರ್ತನು ಹೃದಯವನ್ನು ಬಲ್ಲನು. ಕಚೇರಿಯಾದರೋ ಬರೆದು ಕೊಟ್ಟದ್ದನ್ನು ಮಾತ್ರ ಬಲ್ಲದು. ಆದದರಿಂದ ವಿದ್ಯಾರ್ಥಿಗಳೇ, ದಿನ ಮೀರುವ ಮುಂಚೆಯೇ ಅಧ್ಯಾಪಕರಿಗೆ ನಿಮ್ಮ ಸ್ಥಿತಿಯನ್ನು ಸತ್ಯವಾಗಿ ತಿಳಿಸಿರಿ. ಶುಲ್ಕಕ್ಕೆ ಸಮಯ ಬೇಕೋ, ವಿದ್ಯಾರ್ಥಿವೇತನ ಬೇಕೋ, ವಿದ್ಯಾರ್ಥಿನಿಲಯದಲ್ಲಿ ಸ್ಥಳ ಬೇಕೋ, ಅದನ್ನೇ ಸ್ಪಷ್ಟವಾಗಿ ಬರೆಯಿರಿ. ನಾಡಕಚೇರಿಯ ಆದಾಯ ಪ್ರಮಾಣಪತ್ರವನ್ನು ಸಿದ್ಧವಾಗಿಡಿರಿ. ಅನ್ಯಾಯವಾದರೆ ವಿದ್ಯಾರ್ಥಿಗಳ ದೂರುಗಳನ್ನು ಕೇಳುವ ಸಮಿತಿಯು ಪ್ರತಿಯೊಂದು ಉನ್ನತ ವಿದ್ಯಾಸಂಸ್ಥೆಯಲ್ಲಿ ಇರತಕ್ಕದ್ದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2023ರ ನಿಯಮವುಂಟು. ಮನಸ್ಸು ಕುಗ್ಗಿ ಜೀವವೇ ಬೇಡವೆನಿಸಿದರೆ 14416 ಎಂಬ ಸರಕಾರದ ಟೆಲಿ ಮಾನಸ್ ದೂರವಾಣಿಗೆ ಹಗಲಾಗಲಿ ರಾತ್ರಿಯಾಗಲಿ ಮಾತಾಡಿರಿ.

ಹಿರಿಯರೇ, ನಿಮಗೂ ಒಂದು ಮಾತು. ಗುಡ್ನಾಪುರದಲ್ಲಿ ದೊರೆತ ಕದಂಬ ರವಿವರ್ಮನ ಶಾಸನವು ವೀರಶರ್ಮನನ್ನು ಮಯೂರಶರ್ಮನ ಅಜ್ಜನೆಂದು ಹೇಳುತ್ತದೆ. ಮಯೂರಶರ್ಮನು ಓದುವದಕ್ಕೆ ಕಂಚಿಯ ಘಟಿಕೆಗೆ ಹೋದಾಗ ಆ ವೀರಶರ್ಮನೂ ಸಂಗಡ ಹೋದನೆಂದು ತಾಳಗುಂದದ ಶಾಸನದಲ್ಲಿ ಬರೆದದೆ. ಹಾಗಾದರೆ ನಮ್ಮ ಮಕ್ಕಳು ಕಚೇರಿಯ ಬಾಗಲಲ್ಲಿ ಒಂಟಿಯಾಗಿ ನಿಲ್ಲುವದು ಯೋಗ್ಯವೋ? ತಂದೆಯಿಲ್ಲದವಳ ಸಂಗಡ ಸಭೆಯ ಒಬ್ಬ ಹಿರಿಯನು ಹೋಗಲಿ.

ಗದರಿಸಿದ ಜನರೇ ಕಡೆಗೆ ಕುರುಡನಿಗೆ ಧೈರ್ಯ ಹೇಳಿ ಕರ್ತನ ಬಳಿಗೆ ಕರೆದರು. ಅವನು ಮೇಲುಹೊದಿಕೆಯನ್ನು ಬಿಸಾಡಿ ಎದ್ದನು. ನಮ್ಮ ಮಕ್ಕಳು ನಾಚಿಕೆಯ ಹೊದಿಕೆಯನ್ನು ಬಿಸಾಡುವಂತೆ ನಮ್ಮ ಬಾಯಿಗಳೂ ಮಾರ್ಪಡಲಿ. ಆಮೆನ್.