ಸೂರ್ಯ ಮುಳುಗುವ ಮೊದಲು

ಡಿಸೆಂಬರ್ ಮೊದಲ ಭಾನುವಾರದ ಸಂದೇಶ
ವಾಕ್ಯಭಾಗ: ವಿಮೋಚನಕಾಂಡ 5:1-9, ಧರ್ಮೋಪದೇಶಕಾಂಡ 5:12-15 ಮತ್ತು 24:14-15, ಯಾಕೋಬನು 5:4

   

ಈ ವಾರ ನನಗೆ ಎರಡು ಪ್ರಾರ್ಥನಾ ವಿಷಯ ಬಂತು. ಒಬ್ಬ ತಮ್ಮ ಫೋನ್ ಮಾಡಿ, "ಪಾಸ್ಟರ್, 25ಕ್ಕೆ ರಜೆ ಸಿಕ್ಕಿಲ್ಲ, ಪ್ರಾರ್ಥನೆ ಮಾಡಿ" ಅಂದ. ಒಬ್ಬ ತಂಗಿ ಮೆಸೇಜ್ ಹಾಕಿದ್ದಳು: "ಎರಡು ತಿಂಗಳಿಂದ ಸಂಬಳ ಆಗಿಲ್ಲ ಪಾಸ್ಟರ್. ಕೇಳೋಕೆ ಸಂಕೋಚ. ವಿಶ್ವಾಸಿಯಾಗಿ ದುಡ್ಡಿಗೋಸ್ಕರ ಮಾತಾಡೋದು ಸರಿನಾ?" ಒಂದು ರಜೆಯ ವಿಷಯ, ಇನ್ನೊಂದು ಕೂಲಿಯ ವಿಷಯ. ಇದೆಲ್ಲ ಲೋಕದ ವಿಷಯ, ಸಭೆಯಲ್ಲಿ ಯಾಕೆ ಅಂತ ಕೆಲವರು ಅಂದುಕೊಳ್ಳಬಹುದು. ಸತ್ಯವೇದ ತೆಗೀರಿ, ನೋಡೋಣ.

ವಿಮೋಚನಕಾಂಡ 5. ಮೋಶೆ ಮೊದಲ ಸಲ ಫರೋಹನ ಮುಂದೆ ನಿಂತಾಗ ಏನು ಕೇಳಿದ? ಅರಣ್ಯಕ್ಕೆ ಹೋಗಿ ನಮ್ಮ ದೇವರಿಗೆ ಹಬ್ಬ ಮಾಡಬೇಕು, ಬಿಡು ಅಂದ. ದೇವಜನರ ಬಿಡುಗಡೆಯ ಕಥೆ ಶುರುವಾಗೋದೇ ಒಂದು ರಜೆ ಅರ್ಜಿಯಿಂದ! ಫರೋಹ ಏನಂದ? ನೀವು ಮೈಗಳ್ಳರು, ಅದಕ್ಕೇ ಹಬ್ಬ ಹಬ್ಬ ಅಂತ ಕೂಗ್ತೀರಿ ಅಂದ. ಆಮೇಲೆ ಹುಲ್ಲು ಕೊಡೋದು ನಿಲ್ಲಿಸಿದ, ಇಟ್ಟಿಗೆ ಲೆಕ್ಕ ಮಾತ್ರ ಕಡಿಮೆ ಮಾಡಲಿಲ್ಲ. ನಿಮಗೆ ಇದು ಹೊಸದಲ್ಲ. ಟೀಮಲ್ಲಿ ಇಬ್ಬರನ್ನ ತೆಗೀತಾರೆ, ಟಾರ್ಗೆಟ್ ಅಷ್ಟೇ ಇರುತ್ತೆ. ರಜೆ ಕೇಳಿದರೆ "ಕಮಿಟ್‌ಮೆಂಟ್ ಇಲ್ಲ" ಅಂತಾರೆ. ಫರೋಹ ಸತ್ತು ಸಾವಿರಾರು ವರ್ಷ ಆಯ್ತು, ಅವನ ಮಾತು ಮಾತ್ರ ಸತ್ತಿಲ್ಲ.

ತಪ್ಪು ತಿಳ್ಕೋಬೇಡಿ. ಆರು ದಿವಸ ದುಡಿ ಅಂದವನೂ ಅದೇ ದೇವರು. ಉಪವಾಸ ಪ್ರಾರ್ಥನೆ ಅಂತ ಹೇಳಿ ಆಫೀಸಿಗೆ ಚಕ್ಕರ್ ಹೊಡೆಯೋದು ಸಾಕ್ಷಿ ಅಲ್ಲ. ಮಾಡೋ ಕೆಲಸವನ್ನ ಕರ್ತನಿಗೆ ಅಂತ ಮಾಡಿ. ಆದರೆ ಮನುಷ್ಯನಿಗೆ ಏಳನೇ ದಿವಸ ಇಲ್ಲ ಅನ್ನೋನು ಫರೋಹನೇ, ನಮ್ಮ ದೇವರಲ್ಲ. ಯಾರಾದ್ರೂ ಆಮೆನ್ ಹೇಳಿ.

ಈಗ ಧರ್ಮೋಪದೇಶಕಾಂಡ 5. ಸಬ್ಬತ್ ಆಜ್ಞೆ. ಅಲ್ಲಿ ಯಾರ ಯಾರ ಪಟ್ಟಿ ಇದೆ ನೋಡಿ. ನೀನು, ನಿನ್ನ ಮಗ, ಮಗಳು. ಅಲ್ಲಿಗೆ ನಿಲ್ಲಲಿಲ್ಲ. ಆಳು, ಹೆಣ್ಣಾಳು, ಎತ್ತು, ಕತ್ತೆ, ನಿನ್ನ ಊರಲ್ಲಿರೋ ಪರದೇಶಿ. ನಿನ್ನ ಹಾಗೇ ಅವರಿಗೂ ವಿಶ್ರಾಂತಿ ಸಿಗಬೇಕು, ಯಾಕಂದ್ರೆ ನೀನೂ ಐಗುಪ್ತದಲ್ಲಿ ದಾಸನಾಗಿದ್ದೆ, ಮರೀಬೇಡ ಅಂತಾನೆ ದೇವರು. ನಾವು ಈ ಆಜ್ಞೆಯನ್ನ "ಭಾನುವಾರ ಸಭೆಗೆ ಬನ್ನಿ" ಅನ್ನೋದಕ್ಕೆ ಮಾತ್ರ ಉಪಯೋಗಿಸ್ತೀವಿ. ಅದು ಅರ್ಧ ಆಜ್ಞೆ. ಇನ್ನರ್ಧ ನಮ್ಮ ಕೆಲಸ ಮಾಡಿಕೊಡೋರ ರಜೆ.

ಒಂದು ವಿಷಯ ಹೇಳ್ತೀನಿ. ಈ ದೇಶದ ದುಡಿಯೋರಿಗೆ ಭಾನುವಾರದ ರಜೆ ತಂದುಕೊಟ್ಟವರು ಪಾದ್ರಿಗಳು ಅಂದುಕೊಂಡಿದ್ದೀರಾ? ಮುಂಬಯಿಯ ಬಟ್ಟೆ ಗಿರಣಿಗಳ ಕಾರ್ಮಿಕರ ಪರವಾಗಿ ನಾರಾಯಣ ಮೇಘಾಜಿ ಲೋಖಂಡೆ ಅನ್ನೋರು ವರ್ಷಗಟ್ಟಲೆ ಹೋರಾಡಿದರು. ಅವರು ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದವರು, ಕ್ರೈಸ್ತರಲ್ಲ. 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ವಾರದ ರಜೆಗೆ ಒಪ್ಪಿದರು. ಇವತ್ತು ನಾವು ಇಲ್ಲಿ ಕೂತು ಆರಾಧನೆ ಮಾಡ್ತಿರೋದರ ಹಿಂದೆ ಆ ಗಿರಣಿ ಕಾರ್ಮಿಕರ ಬೆವರೂ ಇದೆ. ಇನ್ನೊಬ್ಬರ ಹೋರಾಟದಿಂದ ರಜೆ ಪಡ್ಕೊಂಡ ನಾವು, ಇನ್ನೊಬ್ಬರ ರಜೆ ಕಿತ್ತುಕೊಳ್ಳೋದಾ?

ನಮ್ಮ ಕರ್ನಾಟಕದಲ್ಲಿ 1963ರ ಕಾಯ್ದೆ ಇದೆ. ಅದರ ಪ್ರಕಾರ ಫ್ಯಾಕ್ಟರಿ, ಅಂಗಡಿ, ಕಂಪನಿಗಳಲ್ಲಿ ದುಡಿಯೋರಿಗೆ ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ, ರಾಜ್ಯೋತ್ಸವ, ಇವು ಐದು ಮತ್ತು ಹಬ್ಬದ ರಜೆ ಇನ್ನೈದು, ಎಲ್ಲ ಸಂಬಳ ಸಹಿತ. ಆದರೆ ನಿಮ್ಮ ಮನೆಯ ಪಾತ್ರೆ ತೊಳೆಯೋ ಅಕ್ಕ ಆ ಕಾಯ್ದೆಯೊಳಗೆ ಬರಲ್ಲ. ಸರಕಾರದ ಕಾನೂನು ಬಾರದ ಅಡುಗೆಮನೆಗೆ ಧರ್ಮೋಪದೇಶಕಾಂಡ ಬರುತ್ತೆ. ಕ್ರಿಸ್ಮಸ್ ದಿವಸ ನಿಮ್ಮನೆಗೆ ಇಪ್ಪತ್ತು ಜನ ಊಟಕ್ಕೆ ಬಂದಾಗ ಆ ಪಾತ್ರೆ ಯಾರ ಕೈಗೆ ಹೋಗುತ್ತೆ? ಮಾರಿಜಾತ್ರೆಗೆ ಅವಳು ಎರಡು ದಿವಸ ರಜೆ ಕೇಳಿದರೆ, "ಅದು ನಮ್ಮ ಹಬ್ಬ ಅಲ್ಲ" ಅಂತ ಸಂಬಳ ಹಿಡೀತೀರಾ? ಪರದೇಶಿಗೆ ವಿಶ್ರಾಂತಿ ಕೊಡು ಅಂದ ದೇವರು, ಮೊದಲು ಅವನ ನಂಬಿಕೆ ವಿಚಾರಿಸು ಅನ್ನಲಿಲ್ಲ.

ಇನ್ನು ಕೂಲಿ. ನಾನು ಹುಲಗೋಳದ ಕಡೆಯವನು ಅಂತ ನಿಮಗೆ ಗೊತ್ತು. ಅಡಿಕೆ ತೋಟದ ಸೀಮೆ. ಈಗ ಅಲ್ಲಿ ಕೊನೆಕೊಯ್ಲಿನ ಕಾಲ. ಹಸಿ ಅಡಿಕೆ ಕಾಯಲ್ಲ, ಕೊಯ್ದದ್ದನ್ನ ಬೇಗ ಸುಲಿದು ಬೇಯಿಸಬೇಕು. ಹಾಗಾಗಿ ರಾತ್ರಿಯಾದರೂ ಸುಲಿತಾ ಇರ್ತಾರೆ. ನಮ್ಮಮ್ಮ ಕಂಡವರ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಸುಲಿದವಳು. ಚೊಗರಿಗೆ ಬೆರಳೆಲ್ಲ ಕಪ್ಪು. ಸುಲಿದದ್ದಕ್ಕೆ ಅಳತೆ ಲೆಕ್ಕದಲ್ಲಿ ಕೂಲಿ. ಅಳೆಯೋ ಹೊತ್ತಿಗೆ ನಾನು ಪಕ್ಕದಲ್ಲಿ ನಿಂತು ಅಮ್ಮನ ಮುಖ ನೋಡ್ತಿದ್ದೆ. ಕೂಲಿ ಕೈಗೆ ಬಂದ ದಿವಸ ಅಂಗಡಿಗೆ ಹೋಗಿ ಅಕ್ಕಿ, ಬೆಲ್ಲ ತಗೊಂಡು ಬರ್ತಿದ್ದಳು. "ನಾಳೆ ನೋಡೋಣ" ಅಂದ ದಿವಸ ಅಂಗಡಿ ಮುಂದೆ ತಲೆ ತಗ್ಗಿಸಿ ಸೀದಾ ಮನೆಗೆ. ಕೊಡೋನಿಗೆ ಅದು ಒಂದು ದಿವಸದ ತಡ. ನಮಗೆ ಅದು ಒಂದು ರಾತ್ರಿಯ ಊಟ.

ಅದಕ್ಕೇ ಧರ್ಮೋಪದೇಶಕಾಂಡ 24ರಲ್ಲಿ ದೇವರು ಟೈಮ್ ಇಟ್ಟಿದ್ದಾನೆ. ಕೂಲಿಯವನ ಕೂಲಿಯನ್ನ ಅದೇ ದಿವಸ, ಸೂರ್ಯ ಮುಳುಗುವ ಮೊದಲು ಕೊಡು. ಯಾಕೆ? ಅವನು ಬಡವ, ಅದರ ಮೇಲೇ ಮನಸ್ಸಿಟ್ಟಿದ್ದಾನೆ. ನಮ್ಮ ದೇವರಿಗೆ ಬಡವನ ಮನಸ್ಸು ಸಂಜೆ ಹೊತ್ತಿಗೆ ಎಲ್ಲಿರುತ್ತೆ ಅಂತ ಗೊತ್ತು. ಹಲ್ಲೆಲೂಯ!

ಈಗ ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು. ಅಡಿಕೆ ಸುಲಿದವಳ ಮಗ ನಾನು. ಆದರೂ ಹೋದ ವರ್ಷ ಕ್ರಿಸ್ಮಸ್‌ಗೆ ನಮ್ಮ ಹಾಲಿಗೆ ಬಣ್ಣ ಹೊಡೆಸಿದಾಗ, ಬಣ್ಣದ ಅಣ್ಣನಿಗೆ ಅರ್ಧ ದುಡ್ಡು ಕೊಟ್ಟು, ಉಳಿದದ್ದು "ಮುಂದಿನ ಭಾನುವಾರ ಕಾಣಿಕೆ ಬಂದ ಮೇಲೆ" ಅಂದೆ. ಲೈಟಿಂಗ್‌ಗೆ ದುಡ್ಡಿತ್ತು, ಕೇಕಿಗೆ ಇತ್ತು. ಅವನಿಗೆ ಕೊಡೋಕೆ ಮಾತ್ರ ಇರಲಿಲ್ಲ. ಅವನು ಮೂರು ಸಲ ಬಂದ. ಮೂರನೇ ಸಲ ಬಂದಾಗ ಆರಾಧನೆ ನಡೀತಿತ್ತು. ನಾನು ಕೈ ಎತ್ತಿ ಹಾಡ್ತಿದ್ದೆ. ಕಣ್ಣು ಬಿಟ್ಟಾಗ ಅವನು ಬಾಗಿಲ ಹೊರಗೆ, ಚಪ್ಪಲಿಗಳ ಹತ್ತಿರ ನಿಂತಿದ್ದ. ಹಾಡು ಮುಗಿಯೋದರೊಳಗೆ ಹೊರಟುಹೋದ.

ಆ ರಾತ್ರಿ ಯಾಕೋಬ 5:4 ನನ್ನನ್ನ ಮಲಗೋಕೆ ಬಿಡಲಿಲ್ಲ. ಹಿಡಿದಿಟ್ಟುಕೊಂಡ ಕೂಲಿ ಕೂಗುತ್ತೆ, ಆ ಕೂಗು ಸೇನಾಧೀಶ್ವರನ ಕಿವಿಗೆ ಮುಟ್ಟಿದೆ ಅನ್ನುತ್ತೆ ಆ ವಾಕ್ಯ. ಆವತ್ತು ಈ ಹಾಲಿನಿಂದ ಎರಡು ಶಬ್ದ ಮೇಲೆ ಹೋಯ್ತು. ಒಂದು ನಮ್ಮ ಮೈಕು, ಕೀಬೋರ್ಡು, ಸ್ತೋತ್ರ. ಇನ್ನೊಂದು ಬಾಗಿಲ ಹೊರಗೆ ಸುಮ್ಮನೆ ನಿಂತವನದ್ದು. ದೇವರ ಕಿವಿಗೆ ಯಾವುದು ಮುಟ್ಟಿತು ಅಂತ ವಾಕ್ಯ ಸ್ಪಷ್ಟವಾಗಿ ಹೇಳುತ್ತೆ.

ಮಾರನೇ ದಿವಸ ಅವನ ಮನೆ ಹುಡುಕಿಕೊಂಡು ಹೋದೆ. ಕ್ಷಮೆ ಕೇಳಿ ಪೂರ್ತಿ ದುಡ್ಡು ಕೊಟ್ಟೆ. ಅವನು ಬೈಯಲಿಲ್ಲ. ಎಣಿಸಿ ಜೇಬಿಗೆ ಇಟ್ಕೊಂಡು, "ಊರ ಜಾತ್ರೆಗೆ ಮಗಳಿಗೆ ಬಟ್ಟೆ ತೆಗೀಬೇಕು ಅಂತಿದ್ದೆ ಪಾಸ್ಟರ್ರೇ. ಜಾತ್ರೆ ಮೊನ್ನೆ ಮುಗೀತು" ಅಂದ. ದುಡ್ಡು ತಿರುಗಿ ಕೊಡಬಹುದು ಪ್ರಿಯರೇ. ಒಂದು ಮಗುವಿನ ಹಬ್ಬ ತಿರುಗಿ ಕೊಡೋಕಾಗಲ್ಲ. ನಮ್ಮ ಹಬ್ಬಕ್ಕೋಸ್ಕರ ಅವಳ ಹಬ್ಬ ತಗೊಂಡಿದ್ದೆ ನಾನು. ಆವತ್ತಿಂದ ನಮ್ಮ ಸಭೆಯಲ್ಲಿ ಒಂದು ತೀರ್ಮಾನ: ಕೂಲಿ ಕೈಯಲ್ಲಿ ಇಟ್ಕೊಳ್ಳದೆ ಯಾರನ್ನೂ ಕೆಲಸಕ್ಕೆ ಕರೆಯಲ್ಲ.

ಈಗ ಆ ತಂಗಿಗೆ ಉತ್ತರ. ನಿನ್ನ ಸಂಬಳ ಕೇಳೋದು ದುಡ್ಡಿನಾಸೆ ಅಲ್ಲ. ಕೆಲಸದವನು ಕೂಲಿಗೆ ಯೋಗ್ಯ ಅಂತ ಲೂಕ 10:7ರಲ್ಲಿ ಹೇಳಿದವನು ಯೇಸುವೇ. ಲಾಬಾನ ಹತ್ತು ಸಲ ಕೂಲಿ ಬದಲಾಯಿಸಿದಾಗ ಯಾಕೋಬ ಅದನ್ನ ಮುಖಕ್ಕೆ ಮುಖ ಕೊಟ್ಟು ಹೇಳಿದ, ಆದಿಕಾಂಡ 31ರಲ್ಲಿದೆ. ನೀನೂ ಬರೆದು ಕೇಳು, ಮರ್ಯಾದೆಯಿಂದ ಕೇಳು. ಆಗದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡು. ನಮ್ಮಲ್ಲಿ ಇಬ್ಬರು ನಿನ್ನ ಜೊತೆ ಬರ್ತಾರೆ.

ತಮ್ಮಾ, ನೀನು ರಜೆ ಕೇಳು, ಧೈರ್ಯವಾಗಿ ಕೇಳು. ಸಿಗದಿದ್ದರೆ ಕುಗ್ಗಬೇಡ. ಆಸ್ಪತ್ರೆಯ ನರ್ಸು, ಬಸ್ಸಿನ ಡ್ರೈವರು ಆವತ್ತೂ ಡ್ಯೂಟಿಯಲ್ಲಿ ಇರ್ತಾರೆ. ಬೇತ್ಲೆಹೇಮಿನ ಸುದ್ದಿ ಮೊದಲು ಬಂದದ್ದೇ ರಾತ್ರಿ ಪಾಳಿಯಲ್ಲಿ ಕುರಿ ಕಾಯ್ತಿದ್ದವರಿಗೆ. ನಿಮ್ಮಂಥವರಿಗೋಸ್ಕರ 25ರ ರಾತ್ರಿ 8 ಗಂಟೆಗೆ ಇನ್ನೊಂದು ಆರಾಧನೆ ಇಡ್ತೀವಿ. ಒಬ್ಬನೇ ಬಂದರೂ ನಡೆಸ್ತೀವಿ.

ಎಲ್ಲರೂ ಕಣ್ಣು ಮುಚ್ಚಿ. ನಿಮ್ಮ ಬಾಗಿಲ ಹೊರಗೆ ಯಾರು ನಿಂತಿದ್ದಾರೆ? ಮನೆಗೆಲಸದ ಅಕ್ಕನಾ, ನಿಮ್ಮ ಹತ್ತಿರ ಕೆಲಸ ಮಾಡೋ ಹುಡುಗನಾ? ಆ ಹೆಸರನ್ನ ದೇವರ ಮುಂದೆ ಇಡಿ. ಕೈ ಎತ್ತಬೇಕಾಗಿಲ್ಲ, ಮುಂದೆ ಬರಬೇಕಾಗಿಲ್ಲ. ಇವತ್ತು ಸಂಜೆಯೊಳಗೆ ಅವರ ಹತ್ತಿರ ಹೋಗಿ.

ಪ್ರಾರ್ಥಿಸೋಣ. ಕರ್ತನೇ, ಬಡಗಿಯ ಕೆಲಸ ಮಾಡಿದ ಯೇಸುವೇ, ದುಡಿದ ಕೈ ನಿನಗೆ ಗೊತ್ತು. ನಮ್ಮ ಹತ್ತಿರ ಉಳಿದಿರೋ ಬೇರೆಯವರ ಕೂಲಿಯನ್ನ ನಮಗೆ ತೋರಿಸು. ಕೊಡೋ ಮನಸ್ಸು ಕೊಡು, ಕೇಳಬೇಕಾದವರಿಗೆ ಬಾಯಿ ಕೊಡು. ನಮ್ಮ ಹಬ್ಬ ಯಾರ ಮನೆಯ ಹಬ್ಬವನ್ನೂ ನುಂಗದಿರಲಿ. ಯೇಸುವಿನ ನಾಮದಲ್ಲಿ ಬೇಡ್ತೀವಿ ತಂದೆಯೇ, ಆಮೆನ್.